ಪ್ಯಾಕೇಜ್ ಸುದ್ದಿ ಜೊತೆ ಶನಿವಾರ ಬರೋರ ಸುದ್ದೀನೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪತ್ರಿಕೇಲಿ ನಗರದ ಒಂದು ಬಿಸಿನೆಸ್ ಸ್ಕೂಲಿನ ಹಳೆ ವಿದ್ಯಾರ್ಥಿಗಳ ಸಮಾವೇಶದ ಸುದ್ದಿ ಬಂದಿತ್ತು. ಶಾಲು ಹೊದ್ದು ನಿಂತಿರೋ ಆರೇಳು ಜನರ ಫೋಟೋ, ಕೆಳಗೆ ಯಾರು ಯಾವ ಕಂಪನೀಲಿ ಏನಾಗಿದಾರೆ ಅನ್ನೋದು, ಪಕ್ಕದಲ್ಲೇ ಈ ವರ್ಷದ ಅತಿ ಹೆಚ್ಚು ಪ್ಯಾಕೇಜ್, ಅಂದ್ರೆ ಓದು ಮುಗಿಸಿದೋರಿಗೆ ಸಿಕ್ಕ ವರ್ಷದ ಸಂಬಳ, ಎಷ್ಟು ಅಂತ ದಪ್ಪಕ್ಷರದಲ್ಲಿ ಒಂದು ಸಾಲು. ಓದಿ ಸಂತೋಷಾನೇ ಆಯ್ತು, ಕಷ್ಟಪಟ್ಟು ಮೇಲೆ ಬಂದೋರು ಅವರು, ಶಾಲು ಹೊದಿಸ್ಲಿ. ಆದ್ರೆ ಎಂಬಿಎ ಓದಿದೋರ ಸಾಧನೆ ಅಂದ್ರೆ ಇಷ್ಟೇನಾ ಅಂತ ಒಂದು ಪ್ರಶ್ನೆ ಎರಡು ದಿನದಿಂದ ತಲೇಲಿ ಕೂತಿದೆ, ಶನಿವಾರ ಹಳೆ ಕಾಲೇಜಿಗೆ ಬಂದು ಮಕ್ಕಳಿಗೆ ಹೇಳಿಕೊಡೋ ಹಳೆ ವಿದ್ಯಾರ್ಥಿಗಳ ಸುದ್ದೀನೂ ಹಾಕಿ ಅಂತ ಕೇಳೋಕೇ ಈ ಪತ್ರ, ಸ್ವಲ್ಪ ಉದ್ದ ಆದ್ರೆ ಕತ್ತರಿಸಿಕೊಳ್ಳಿ.

ನಾನು ಮಧುಗಿರಿ ಕಡೆಯವಳು. ತುಮಕೂರಲ್ಲಿ ಕನ್ನಡ ಮೀಡಿಯಂನಲ್ಲಿ ಬಿಎ ಮಾಡಿ 1999ರಲ್ಲಿ ಬೆಂಗಳೂರಿನ ಒಂದು ವಿಶ್ವವಿದ್ಯಾಲಯದ ಎಂಬಿಎ ವಿಭಾಗಕ್ಕೆ ಸೇರಿದೆ. ಹೆಸರು ಬೇಡ, ಈಗ ನಾನು ಹೇಳೋದು ಬಹಳಷ್ಟು ಕಡೆ ನಡೆಯೋ ವಿಷಯಾನೇ. ಮೊದಲನೇ ಸೆಮಿಸ್ಟರ್‌ನಲ್ಲಿ ಅಕೌಂಟಿಂಗ್ ಕ್ಲಾಸು, ಮೇಷ್ಟ್ರು ಇಂಗ್ಲಿಷಲ್ಲಿ ಡೆಟರ್ಸ್ ಅಂದ್ರೆ ಅಸೆಟ್ಟು ಅಂತ ಬೋರ್ಡ್ ಮೇಲೆ ಬರೆದ್ರು. ಡಿಕ್ಷನರಿ ತೆಗೆದು ನೋಡಿದ್ರೆ ಡೆಟರ್ ಅಂದ್ರೆ ಸಾಲಗಾರ ಅಂತಿದೆ. ನಮ್ಮೂರಲ್ಲಿ ಸಾಲ ಮಾಡಿದೋನಿಗೂ ಸಾಲಗಾರ ಅಂತೀವಿ, ಕೊಟ್ಟ ಸಾಲ ವಸೂಲಿಗೆ ಮನೆ ಬಾಗಿಲಿಗೆ ಬರೋನಿಗೂ ಸಾಲಗಾರ ಅಂತಾನೇ ಅಂತೀವಿ. ಸಾಲಗಾರ ಹೇಗೆ ಆಸ್ತಿ ಆಗ್ತಾನೆ ಅಂತ ನಂಗೆ ಎಷ್ಟು ತಲೆ ಕೆರ್ಕೊಂಡ್ರೂ ಹೊಳೀಲಿಲ್ಲ, ಕೇಳೋಣ ಅಂದ್ರೆ ಬಾಯಲ್ಲಿ ಇಂಗ್ಲಿಷ್ ಬರಲ್ಲ, ಸುತ್ತ ಕೂತಿರೋರೆಲ್ಲ ಬಿಕಾಂ, ಬಿಬಿಎಂ ಮಾಡಿದೋರು, ಗೊತ್ತಿರೋರ ಥರ ತಲೆ ಆಡಿಸ್ತಾ ಇದ್ರು. ಒಂದೂವರೆ ತಿಂಗಳು ಹಾಗೇ ಕೂತಿದ್ದೆ, ಊರಿಗೆ ವಾಪಸ್ ಹೋಗಿ ಬಿಎಡ್ ಮಾಡ್ತೀನಿ ಅಂತ ಅಪ್ಪಂಗೆ ಕಾಗದಾನೂ ಬರೆದಿದ್ದೆ.

ಹಾಸ್ಟೆಲ್‌ನಲ್ಲಿ ಶಿರಾ ಕಡೆಯ ಒಬ್ಬ ಸೀನಿಯರ್ ಅಕ್ಕ ಇದ್ರು. ಆ ಕಾಗದ ಪೋಸ್ಟ್ ಮಾಡೋಕೆ ಹೊರಟಾಗ ಕೈಯಿಂದ ಕಿತ್ಕೊಂಡು, "ನಿಮ್ಮಪ್ಪಂದು ದಿನಸಿ ಅಂಗಡಿ ಅಂದಿದ್ದೆ ಅಲ್ವೇನೇ, ಅಂಗಡೀಲಿ ಉದ್ರಿ ಪುಸ್ತಕ ಇದ್ಯಾ ಇಲ್ವಾ?" ಅಂದ್ರು. ಇದೆ ಅಂದೆ. "ಅದ್ರಲ್ಲಿ ಯಾರ್ಯಾರ ಹೆಸರಿದ್ಯೋ ಅವ್ರೆಲ್ಲ ಡೆಟರ್ಸು, ಅವ್ರಿಂದ ನಿಮ್ಮಪ್ಪಂಗೆ ದುಡ್ಡು ಬರಬೇಕು, ಅದಕ್ಕೆ ಅದು ಆಸ್ತಿ. ತುಮಕೂರಿನ ಮಂಡಿಯವ್ರಿಗೆ ನಿಮ್ಮಪ್ಪ ಕೊಡಬೇಕಲ್ಲ, ಅವ್ರು ಕ್ರೆಡಿಟರ್ಸು. ಇನ್ನೇನು ಉಳೀತು?" ಅಷ್ಟೇ. ಅವತ್ತು ರಾತ್ರಿ ಹನ್ನೊಂದರವರೆಗೂ ಕೂತು ನಮ್ಮಪ್ಪನ ಅಂಗಡಿಗೆ ನೆನಪಿನ ಮೇಲೆ ಒಂದು ಬ್ಯಾಲೆನ್ಸ್ ಶೀಟ್, ಅಂದ್ರೆ ಆಸ್ತಿ ಎಷ್ಟು ಸಾಲ ಎಷ್ಟು ಅನ್ನೋ ಪಟ್ಟಿ, ಬರೆದ್ವಿ. ಸವೆದುಹೋಗಿರೋ ತಕ್ಕಡಿ ಡಿಪ್ರಿಸಿಯೇಷನ್ನು. ಎದುರಿಗೆ ಇನ್ನೊಂದು ಅಂಗಡಿ ಬಂದ್ರೂ ಜನ ನಮ್ಮಪ್ಪನ ಹತ್ರಾನೇ ಬರ್ತಾರಲ್ಲ ಅದು ಗುಡ್‌ವಿಲ್ಲು, ಆದ್ರೆ ಅಂಗಡೀನ ಯಾರಾದ್ರೂ ದುಡ್ಡು ಕೊಟ್ಟು ಕೊಂಡ್ಕೊಳ್ಳೋವರೆಗೂ ಅದನ್ನ ಲೆಕ್ಕದಲ್ಲಿ ಬರೆಯೋ ಹಾಗಿಲ್ಲ. ಇವತ್ತು ಪೀಣ್ಯದ ಒಂದು ಸಣ್ಣ ಕಾರ್ಖಾನೇಲಿ ಹಣಕಾಸು ವಿಭಾಗ ನೋಡ್ಕೊತೀನಿ, ದಿನಾ ಬೆಳಗಾದ್ರೆ ಡೆಟರ್ಸ್ ಲಿಸ್ಟೇ ಮೊದಲು ತೆಗೆಯೋದು, ತೆಗೆದಾಗೆಲ್ಲ ಅಪ್ಪನ ಕೆಂಪು ಬಟ್ಟೆ ರಟ್ಟಿನ ಉದ್ರಿ ಪುಸ್ತಕ ಕಣ್ಮುಂದೆ ಬರುತ್ತೆ.

ನಾವು ಓದುವಾಗ ಇಂಥದ್ದು ಎಷ್ಟೋ ನಡೀತಿತ್ತು. ಪುಸ್ತಕ ಅವೆನ್ಯೂ ರೋಡಲ್ಲಿ ಸೆಕೆಂಡ್ ಹ್ಯಾಂಡ್ ತರೋದು, ಒಂದು ಪುಸ್ತಕಕ್ಕೆ ನಾಲ್ಕು ಜನ ಪಾಲು. ಭಾನುವಾರ ಕಬ್ಬನ್ ಪಾರ್ಕಲ್ಲಿ ಆ ಕೆಂಪು ಲೈಬ್ರರಿ ಕಟ್ಟಡದ ಹತ್ರ ಮರದ ಕೆಳಗೆ ಕೂತು ಜಿಡಿ, ಅಂದ್ರೆ ಕೆಲಸಕ್ಕೆ ಆರಿಸೋವಾಗ ನಡೆಸೋ ಗುಂಪು ಚರ್ಚೆ, ಪ್ರಾಕ್ಟೀಸ್ ಮಾಡ್ತಿದ್ವಿ, ಮೊದಲು ಕನ್ನಡದಲ್ಲಿ ವಾದ ಮಾಡೋದು, ಆಮೇಲೆ ಅದನ್ನೇ ಇಂಗ್ಲಿಷಲ್ಲಿ, ಇದೂ ಆ ಅಕ್ಕನೇ ಹಾಕಿಕೊಟ್ಟ ಕ್ರಮ. ಮ್ಯಾನೇಜ್‌ಮೆಂಟ್ ಫೆಸ್ಟ್‌ಗೆ ಸ್ಪಾನ್ಸರ್ ಹುಡುಕ್ತಾ ಚಿಕ್ಕಪೇಟೆ ಅಂಗಡಿ ಅಂಗಡಿ ಹತ್ತಿ ಇಳಿದಿದ್ದು ನಂಗೆ ಯಾವ ಮಾರ್ಕೆಟಿಂಗ್ ಪೇಪರಿಗಿಂತ ಜಾಸ್ತಿ ಕಲಿಸ್ತು. ಈಗಿನ ಮಕ್ಕಳು ಹಾಗಿಲ್ಲ ಅಂತ ದೂರೋಕೆ ಹೇಳ್ತಿಲ್ಲ, ಅವರ ಕಷ್ಟಾನೇ ಬೇರೆ, ಬಹಳ ಮಂದಿ ಪಿಜಿಲಿ ಇರ್ತಾರೆ, ಕೆಲವರು ಸಂಜೆ ಡೆಲಿವರಿ ಕೆಲಸ ಮಾಡಿ ಫೀಸ್ ಹೊಂದಿಸ್ತಾರೆ, ಸೀನಿಯರ್ ಯಾರು ಅಂತ ಗೊತ್ತಾಗೋದೇ ವಾಟ್ಸಾಪ್ ಗ್ರೂಪಲ್ಲಿ.

ಈಗ ಸಾಧನೆ ವಿಷಯಕ್ಕೆ ಬರ್ತೀನಿ. ಬನ್ನೇರುಘಟ್ಟ ರಸ್ತೇಲಿರೋ ಐಐಎಂ ಎಲ್ಲರಿಗೂ ಗೊತ್ತು, 1973ರಲ್ಲಿ ಶುರುವಾಗಿದ್ದು, ಬಿ.ವಿ. ದೋಶಿಯವರು ವಿನ್ಯಾಸ ಮಾಡಿದ ಕಲ್ಲಿನ ಕಟ್ಟಡಗಳು. ಅಲ್ಲಿ 1976ರಲ್ಲಿ ಓದು ಮುಗಿಸಿದೋರಲ್ಲಿ ಕೆ. ರಾಧಾಕೃಷ್ಣನ್ ಒಬ್ರು. ಅವರು ಇಸ್ರೋ ಅಧ್ಯಕ್ಷರಾಗಿದ್ದಾಗಲೇ 2014ರ ಸೆಪ್ಟೆಂಬರ್ 24ಕ್ಕೆ ಮಂಗಳಯಾನ ಮೊದಲನೇ ಪ್ರಯತ್ನದಲ್ಲೇ ಮಂಗಳನ ಕಕ್ಷೆ ಸೇರಿದ್ದು, ಅದೂ ಸುಮಾರು 450 ಕೋಟಿ ಖರ್ಚಲ್ಲಿ. ಬಿಸಿನೆಸ್ ಸ್ಕೂಲಲ್ಲಿ ಓದಿದೋರು ಸರ್ಕಾರಿ ಸಂಬಳದಲ್ಲೇ ಹೆಚ್ಚಿನ ವರ್ಷ ಇಸ್ರೋದಲ್ಲೇ ಕೆಲಸ ಮಾಡಿದ್ರು, ಜೊತೆಗೆ ಕಥಕ್ಕಳೀನೂ ಕಲಿತೋರು. ಎಂಬಿಎ ಅಂದ್ರೆ ಸೋಪು ಮಾರೋಕಾ ಅಂತ ಕೇಳೋ ನೆಂಟರಿಗೆ ನಾನು ಯಾವಾಗ್ಲೂ ಇವರ ಉದಾಹರಣೆ ಕೊಡ್ತೀನಿ. ಇವರನ್ನ ಯಾವ ಪ್ಯಾಕೇಜ್ ಕಾಲಮ್ಮಲ್ಲಿ ಹಾಕ್ತೀರಿ?

ಇನ್ನೂ ಹಿಂದಕ್ಕೆ ಹೋದ್ರೆ ನಮ್ಮ ವಿಶ್ವೇಶ್ವರಯ್ಯನವರು ಇಲ್ಲೇ ಸೆಂಟ್ರಲ್ ಕಾಲೇಜಲ್ಲಿ ಬಿಎ ಮುಗಿಸಿದ್ದು 1881ರಲ್ಲಿ. ಅದೇ ವರ್ಷಾನೇ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವಾರ್ಟನ್ ಸ್ಕೂಲ್ ಶುರುವಾಗಿದ್ದು, ವಿಶ್ವವಿದ್ಯಾಲಯದ ಒಳಗೆ ವ್ಯಾಪಾರ ಕಲಿಸೋ ಶಾಲೆ ಅಂತ ಅಮೆರಿಕದಲ್ಲಿ ಹುಟ್ಟಿದ್ದು ಅದೇ ಮೊದಲು. ನಮ್ಮೋರು ಅತ್ತ ಹೋಗಲಿಲ್ಲ, ಎಂಬಿಎ ಅನ್ನೋ ಪದಾನೂ ಆಗ ಇರಲಿಲ್ಲ, ಆದ್ರೂ ದಿವಾನರಾದ ಮೇಲೆ 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅಂತ ಒಂದೊಂದೇ ಕಟ್ಟಿಸಿದ್ರು. ಅವರು ಬೆಂಗಳೂರಲ್ಲಿ ಓದುವಾಗ ಮನೆಪಾಠ ಹೇಳಿಕೊಟ್ಟು ಖರ್ಚು ತೂಗಿಸಿದೋರು ಅನ್ನೋದು ಶಾಲೇಲಿ ಓದಿದ ಎಲ್ಲರಿಗೂ ನೆನಪಿರುತ್ತೆ. ಓದ್ತಾ ಓದ್ತಾನೇ ಇನ್ನೊಬ್ಬರಿಗೆ ಕಲಿಸೋದು ನಮ್ಮ ಊರಿಗೆ ಹೊಸದಲ್ಲ ಅಂತ ಇದನ್ನ ಹೇಳಿದೆ.

ಪ್ಯಾಕೇಜ್ ಬಗ್ಗೆ ನನ್ನ ಕಸುಬಿನ ಕಡೆಯಿಂದ ಒಂದು ಮಾತು ಹೇಳಲೇಬೇಕು. ಸುದ್ದೀಲಿ ಸರಾಸರಿ ಪ್ಯಾಕೇಜ್ ಅಂತ ಹಾಕ್ತೀರಲ್ಲ, ಹತ್ತು ಜನರ ಕ್ಲಾಸಲ್ಲಿ ಒಂಬತ್ತು ಜನರಿಗೆ 5 ಲಕ್ಷ, ಒಬ್ಬನಿಗೆ 55 ಲಕ್ಷ ಸಿಕ್ಕಿದ್ರೆ ಸರಾಸರಿ 10 ಲಕ್ಷ ಬರುತ್ತೆ, ಆದ್ರೆ 10 ಲಕ್ಷ ಸಿಕ್ಕಿದೋರು ಆ ಕ್ಲಾಸಲ್ಲಿ ಒಬ್ಬರೂ ಇಲ್ಲ. ಸಾಲಾಗಿ ನಿಲ್ಲಿಸಿ ಮಧ್ಯದೋರಿಗೆ ಎಷ್ಟು ಅಂತ ನೋಡಿದ್ರೆ 5 ಲಕ್ಷ, ಅದೇ ಮೀಡಿಯನ್ನು. ಎಜುಕೇಶನ್ ಲೋನ್ ತೆಗೆಯೋ ಅಪ್ಪ ಅಮ್ಮಂದಿರು ನಿಮ್ಮ ಸುದ್ದಿ ಓದಿ ಕಂತು ಲೆಕ್ಕ ಹಾಕ್ತಾರೆ ಸಾರ್, ದಯವಿಟ್ಟು ಆ ಮಧ್ಯದ ಅಂಕಿ ಕೇಳಿ ಹಾಕಿ, ಎಷ್ಟು ಜನರಿಗೆ ಕೆಲಸ ಸಿಗಲಿಲ್ಲ ಅನ್ನೋದನ್ನೂ ಹಾಕಿ.

ನಮ್ಮ ಬ್ಯಾಚಿನೋರಲ್ಲಿ ಒಬ್ಬ ಕೋಲಾರದ ಕಡೆ ಟೊಮೆಟೊ ಬೆಳೆಯೋರ ಒಂದು ರೈತ ಉತ್ಪಾದಕ ಕಂಪನಿಯ ಲೆಕ್ಕ, ಮಾರಾಟ ಎಲ್ಲ ನೋಡ್ಕೊತಾನೆ. 2020ರಲ್ಲಿ ಕೇಂದ್ರದೋರು 10,000 ಇಂಥ ಸಂಸ್ಥೆ ಮಾಡ್ತೀವಿ ಅಂತ ಯೋಜನೆ ತಂದ್ರಲ್ಲ, ಸಂಸ್ಥೆ ರಿಜಿಸ್ಟರ್ ಮಾಡಿಸೋದು ಸುಲಭ, ಆಮೇಲೆ ಲೆಕ್ಕ ಬರೆಯೋರು, ಬ್ಯಾಂಕಿನೋರ ಹತ್ರ ದುಡಿಯೋ ಬಂಡವಾಳ ಕೇಳೋಕೆ ಕಾಗದ ಮಾಡೋರು, ಕ್ರೇಟಿಗೆ ಎಷ್ಟು ಬಿದ್ರೆ ಕೀಳಿಸಬೇಕು ಎಷ್ಟಕ್ಕಿಂತ ಕೆಳಗೆ ಹೋದ್ರೆ ಕೂಲೀನೂ ಹುಟ್ಟಲ್ಲ ಅಂತ ರೈತರ ಜೊತೆ ಕೂತು ಲೆಕ್ಕ ಹಾಕೋರು ಬೇಕು. ಅದನ್ನ ಅವನು ಎಷ್ಟೋ ವರ್ಷದಿಂದ ಮಾಡ್ತಿದಾನೆ. ಇನ್ನೊಬ್ಬಳು ಸ್ತ್ರೀಶಕ್ತಿ ಸಂಘಗಳಿಗೆ ಲೆಕ್ಕದ ಪುಸ್ತಕ ಬರೆಯೋದು ಕಲಿಸ್ತಾಳೆ. ಇವರಿಬ್ಬರನ್ನೂ ಯಾವ ಸಮಾವೇಶದಲ್ಲೂ ವೇದಿಕೆಗೆ ಕರೆದಿದ್ದು ನಾನು ನೋಡಿಲ್ಲ, ಕರೆಯೋದಿರಲಿ, ಹಳೆ ವಿದ್ಯಾರ್ಥಿಗಳ ಪಟ್ಟೀಲಿ ಅವರ ಫೋನ್ ನಂಬರ್ರೇ ಇಲ್ಲ.

ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಸಮಾವೇಶಕ್ಕೆ ನನ್ನನ್ನೂ ಕರೆದಿದ್ರು. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯೋ ನ್ಯಾಕ್‌ನೋರ ಮಾನದಂಡದಲ್ಲಿ ಹಳೆ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೆ ಅಂತ ಆಗ ಒಂದು ಭಾಗಾನೇ ಇತ್ತು, ಸಂಘ ರಿಜಿಸ್ಟರ್ ಆಗಿದ್ಯಾ, ದುಡ್ಡಿನ ರೂಪದಲ್ಲೋ ಬೇರೆ ಥರಾನೋ ಏನು ಸಹಾಯ ಆಗಿದೆ ಅಂತ ಕೇಳ್ತಿದ್ರು, ಒಳ್ಳೇದೇ ಅದು. ಆದ್ರೆ ಅವರು ಬರೋ ಮುಂಚಿನ ತಿಂಗಳಲ್ಲಿ ಮಾತ್ರ ನಮ್ಮ ನೆನಪಾದ್ರೆ ಬೇಜಾರಾಗುತ್ತೆ. ಅವತ್ತು ಮಕ್ಕಳನ್ನ ಹಿಂದಿನ ಸಾಲುಗಳಲ್ಲಿ ಕೂರಿಸಿದ್ರು, ಭಾಷಣ ಆಯ್ತು, ಫೋಟೋ ಆಯ್ತು, ಅತಿಥಿಗಳಿಗೆ ಬೇರೆ ಕಡೆ ಊಟ. ಊಟ ಮುಗಿಸಿ ಕೈ ತೊಳೀತಿರುವಾಗ ಒಬ್ಬ ಹುಡುಗ ಹಿಂದಿನಿಂದ ಬಂದು ಮೆಲ್ಲಗೆ ಕೇಳಿದ, "ಮೇಡಂ, ಜಿಡೀಲಿ ವಿಷಯ ಗೊತ್ತಿದ್ರೂ ಬಾಯಿ ಬರಲ್ಲ, ನಿಮಗೂ ಹಾಗಾಗಿತ್ತಾ?" ಆಗಿತ್ತು ಕಣಪ್ಪ ಅಂದೆ. ಇನ್ನೇನೋ ಕೇಳೋನಿದ್ದ, ಅಷ್ಟರಲ್ಲಿ ಯಾರೋ ಅವನನ್ನ ಕುರ್ಚಿ ಎತ್ತಿಡೋಕೆ ಕರೆದ್ರು. ಅವತ್ತು ಮನೆಗೆ ಬಂದ್ಮೇಲೂ ಆ ಹುಡುಗನ ಮುಖ ಬಿಡಲಿಲ್ಲ.

ಆಮೇಲೆ ನಾವು ಐದು ಜನ ಹಳಬರು ಮಾತಾಡ್ಕೊಂಡು ತಿಂಗಳಿಗೆ ಎರಡು ಶನಿವಾರ ನಮ್ಮ ಹಳೆ ವಿಭಾಗಕ್ಕೆ ಹೋಗಿ ಮಕ್ಕಳಿಗೆ ಹೇಳಿಕೊಡೋಣ ಅಂತ ಮಾಡಿದ್ವಿ. ಎರಡನೇ ಶನಿವಾರ, ನಾಲ್ಕನೇ ಶನಿವಾರ, ಯಾಕಂದ್ರೆ ನಮ್ಮಲ್ಲಿ ಇಬ್ರು ಬ್ಯಾಂಕಿನೋರು, ಅವರಿಗೆ ಅವತ್ತು ರಜೆ. ಒಪ್ಪಿಗೆ ಪತ್ರಕ್ಕೇ ಮೂರು ತಿಂಗಳು ಓಡಾಡಿದ್ವಿ. ಮೊದಲನೇ ದಿನ ದೊಡ್ಡ ಪಿಪಿಟಿ ಮಾಡ್ಕೊಂಡು ಹೋಗಿ ಎರಡು ಗಂಟೆ ನಾವೇ ಮಾತಾಡಿದ್ವಿ, ನಲವತ್ತು ಜನ ಬಂದಿದ್ರು, ಮುಂದಿನ ಸಲ ಹನ್ನೊಂದು. ಆವಾಗ ಶಿರಾ ಅಕ್ಕನ ದಾರಿ ಹಿಡಿದ್ವಿ. ಪಿಪಿಟಿ ಬಿಟ್ವಿ, ನಿಮ್ಮ ಮನೇಲಿ ಏನು ವ್ಯಾಪಾರ, ಏನು ಬೇಸಾಯ, ಯಾವ ಚೀಟಿ ಹಾಕ್ತಾರೆ ಹೇಳಿ ಅಂತ ಅಲ್ಲಿಂದ ಶುರು ಮಾಡಿದ್ವಿ. ಚೀಟಿ ಕೂಗಿ ಮೊದಲೇ ಎತ್ತಿಕೊಂಡೋರು ಎಷ್ಟು ಕಳ್ಕೊತಾರೆ, ಕೊನೇವರೆಗೂ ಕಾಯೋರಿಗೆ ಎಷ್ಟು ಸಿಗುತ್ತೆ ಅಂತ ಲೆಕ್ಕ ಹಾಕಿಸಿದ್ರೆ ಬಡ್ಡಿ ದರ, ಹಣದ ಕಾಲಮೌಲ್ಯ (ಇವತ್ತು ಕೈಗೆ ಬರೋ ರೂಪಾಯಿಗೆ ಮುಂದೆ ಬರೋದಕ್ಕಿಂತ ಬೆಲೆ ಜಾಸ್ತಿ ಅನ್ನೋದು) ಎರಡೂ ಒಂದೇ ಬೆಳಗ್ಗೇಲಿ ತಲೆಗೆ ಹೋಗುತ್ತೆ, ಪುಸ್ತಕದಲ್ಲಿ ಇಂಗ್ಲಿಷಲ್ಲಿ ಏನಂತಾರೆ ಅನ್ನೋದನ್ನ ಕೊನೇಲಿ ಹೇಳ್ತೀವಿ. ಈಗ ಸುಮಾರು ಮೂವತ್ತು ಜನ ಬರ್ತಾರೆ, ಕೆಲವು ಸಲ ಇಪ್ಪತ್ತು. ಎಲ್ಲರಿಗೂ ಉದ್ಧಾರ ಆಯ್ತು ಅಂತ ಹೇಳಲ್ಲ, ಹೋದ ವರ್ಷ ಚೆನ್ನಾಗಿ ಬರ್ತಿದ್ದ ಇಬ್ರಿಗೆ ಇನ್ನೂ ಕೆಲಸ ಸಿಕ್ಕಿಲ್ಲ, ಅವರ ಫೋನ್ ಬಂದಾಗ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ.

ದೊಡ್ಡೋರು ದೊಡ್ಡದಾಗಿ ಕೊಡ್ತಾರೆ. ನಂದನ್ ನಿಲೇಕಣಿಯವರು 2023ರಲ್ಲಿ ತಾವು ಓದಿದ ಐಐಟಿ ಬಾಂಬೆಗೆ 315 ಕೋಟಿ ಕೊಟ್ರು, ರತನ್ ಟಾಟಾ 1975ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಲ್ಲಿ ಒಂದು ಕೋರ್ಸ್ ಮಾಡಿದ್ದಕ್ಕೆ 2010ರಲ್ಲಿ ಟಾಟಾದೋರ ಕಡೆಯಿಂದ ಅಲ್ಲಿಗೆ 5 ಕೋಟಿ ಡಾಲರ್ ಹೋಯ್ತು. ಅದು ಸುದ್ದಿ ಆಗಲೇಬೇಕು. ನಮ್ಮಂಥ ಸಾಧಾರಣ ವಿಶ್ವವಿದ್ಯಾಲಯದ ವಿಭಾಗಗಳಿಂದ ಹೊರಗೆ ಬಂದಿರೋರು ಈ ಬೆಂಗಳೂರಲ್ಲೇ ಸಾವಿರಾರು ಜನ ಇದೀವಿ, ಬ್ಯಾಂಕಲ್ಲಿ, ಪೀಣ್ಯದಲ್ಲಿ, ಸಾರಿಗೆ ನಿಗಮದಲ್ಲಿ, ಆಸ್ಪತ್ರೆ ಆಡಳಿತದಲ್ಲಿ. ನಮ್ಮ ಹತ್ರ ಕೋಟಿ ಇಲ್ಲ, ವರ್ಷಕ್ಕೆ ನಾಲ್ಕು ಶನಿವಾರ ಅಂತೂ ಇರುತ್ತೆ. ನಿಮ್ಮ ಪತ್ರಿಕೇಲಿ ಇಂಥೋರ ಬಗ್ಗೆ ವಾರಕ್ಕೊಂದು ಚಿಕ್ಕ ಕಾಲಂ ಬಂದ್ರೆ, ಯಾವ ವಿಭಾಗದಲ್ಲಿ ಯಾರು ಬಂದು ಕೂತು ಹೇಳಿಕೊಡ್ತಿದಾರೆ ಅಂತ ನಾಲ್ಕು ಸಾಲು ಹಾಕಿದ್ರೆ, ಓದಿದೋರಲ್ಲಿ ಇನ್ನೊಂದಿಷ್ಟು ಜನ ತಮ್ಮ ಹಳೆ ಕಾಲೇಜಿನ ಗೇಟಿಗೆ ಹೋಗಿ ನಿಲ್ತಾರೆ ಅನ್ನೋ ನಂಬಿಕೆ ನಂಗಿದೆ. ವಿಭಾಗದ ಮುಖ್ಯಸ್ಥರಲ್ಲೂ ಒಂದು ವಿನಂತಿ, ಬಂದೋರಿಗೆ ಶಾಲು ಬೇಡ, ಒಂದು ರೂಮು ಮತ್ತು ಅದರ ಬೀಗದ ಕೈ ಕೊಡಿ.

ಕಲಬುರಗಿ ಕಡೆಯ ಒಂದು ಹುಡುಗಿ ನಾಲ್ಕು ತಿಂಗಳು ಬಂದ್ರೂ ಬಾಯಿ ಬಿಟ್ಟಿರಲಿಲ್ಲ. ಹೋದ ತಿಂಗಳು ಎದ್ದು ನಿಂತು, "ಮೇಡಂ, ನಮ್ಮವ್ವ ಜೋಳದ ರೊಟ್ಟಿ ಬಡದು ಖಾನಾವಳಿಗೆ ಕೊಡ್ತಾಳ್ರಿ, ಅದಕ್ಕೂ ಬ್ಯಾಲೆನ್ಸ್ ಶೀಟ್ ಬರ್ತದೇನ್ರಿ?" ಅಂತ ಕೇಳಿದ್ಲು. ಬರುತ್ತೆ, ನೀನೇ ಮಾಡ್ಕೊಂಡು ಬಾ ಅಂದೆ. ಅವ್ವನಿಗೆ ಫೋನ್ ಮಾಡಿ ಮಾಡಿ ಜೋಳದ ರೇಟು, ಸೌದೆ, ಗಿರಣಿ ಕೂಲಿ, ಖಾನಾವಳಿಯೋರ ಬಾಕಿ ಎಲ್ಲ ಬರ್ಕೊಂಡಿದಾಳೆ. ಬರೋ ನಾಲ್ಕನೇ ಶನಿವಾರ ಮೊದಲನೇ ವರ್ಷದ ಮಕ್ಕಳಿಗೆ ಅವಳೇ ಅದನ್ನ ಬೋರ್ಡ್ ಮೇಲೆ ಹಾಕಿ ಪಾಠ ಮಾಡ್ತಾಳೆ, ನಾವು ಐದು ಜನ ಹಿಂದಿನ ಬೆಂಚಲ್ಲಿ ಕೂರ್ತೀವಿ. ನಿಮ್ಮ ವರದಿಗಾರರನ್ನ ಕಳಿಸೋದಾದ್ರೆ ಹತ್ತು ಗಂಟೆಗೆ ಶುರು, ವಿಳಾಸ ಫೋನಲ್ಲಿ ತಿಳಿಸ್ತೀನಿ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗಾರ್ತಿ
ರಾಜಾಜಿನಗರ, ಬೆಂಗಳೂರು