ಬಿ ಸೈಡಿನ ದನಿ

ಚಿ. ಪುಟ್ಟನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ರ‍್ಯಾಪ್ ಹಾಡನ್ನು ಅಕ್ಕ ವಾಟ್ಸಾಪಿನಲ್ಲಿ ಕಳಿಸಿದಳು, ಹಿಂದೆಯೇ ಫೋನು ಮಾಡಿ ಅತ್ತಳು. ಡಿಗ್ರಿ ಮುಗಿಯುವ ಹೊತ್ತಿಗೆ ಮಗನಿಗೆ ಇದೆಂಥ ಹುಚ್ಚು ಎಂಬುದು ಅವಳ ಸಂಕಟ. ನನಗೆ ಹಾಗೆ ಅನ್ನಿಸಲಿಲ್ಲ. ಮೂವತ್ತು ವರ್ಷ ದಾವಣಗೆರೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಟ್ಟು ಸಂಸಾರ ಸಾಗಿಸಿದವನು ನಾನು. ಆದರೆ ಹಾಡಿನ ನಡುವೆ ಒಂದು ಮುದುಕಿಯ ದನಿ ಬಂತಲ್ಲ, ಅಲ್ಲಿ ನನ್ನ ಕೈ ತಣ್ಣಗಾಯಿತು. ಅದು ನನ್ನ ಅಟ್ಟದ ಮೇಲಿದ್ದ ಕ್ಯಾಸೆಟ್ಟು. ಬೇಸಿಗೆ ರಜೆಯಲ್ಲಿ ಇಳಿಸಿಕೊಂಡು ಹೋದವನು ನೀನೇ.

ಬೈಯುವ ಮೊದಲು ನಿನ್ನ ರ‍್ಯಾಪಿಗೆ ಬೇರಾದ ಈ ಹಿಪ್‌ಹಾಪ್ ಎಲ್ಲಿಯದು ಎಂದು ತಿಳಿಯೋಣವೆಂದು ಎರಡು ವಾರ ಕೂತು ಓದಿದೆ.

1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್, ಸೆಡ್ಜ್‌ವಿಕ್ ಅವೆನ್ಯೂವಿನ 1520ನೇ ನಂಬರಿನ ಕಟ್ಟಡ. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಗೆ ಶಾಲೆ ತೆರೆಯುವುದರೊಳಗೆ ಹೊಸ ಬಟ್ಟೆ ಬೇಕಿತ್ತು. ದುಡ್ಡಿಗಾಗಿ ಕಟ್ಟಡದ ಹಾಲಿನಲ್ಲಿ ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50. ಗ್ರಾಮಫೋನ್ ಪ್ಲೇಟು ಹಾಕುವ ಕೆಲಸ ಅಣ್ಣ ಕ್ಲೈವ್‌ನದು. ಜಮೈಕಾದಲ್ಲಿ ಹುಟ್ಟಿ 12ರ ವಯಸ್ಸಿಗೆ ಬ್ರಾಂಕ್ಸಿಗೆ ಬಂದವನು, ಬೀದಿಯಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಇಟ್ಟು ಕುಣಿಯುವುದನ್ನು ಜಮೈಕಾದಲ್ಲೇ ಕಂಡಿದ್ದವನು. ಹಾಡುಗಾರ ಸುಮ್ಮನಾಗಿ ಬರೀ ಡ್ರಮ್ಮು ಬಡಿಯುವ ಜಾಗ ಬಂದಾಗಲೇ ಜನ ಮೈಮರೆತು ಕುಣಿಯುತ್ತಾರೆಂದು ಅವನು ಗಮನಿಸಿದ್ದ. ಆ ಜಾಗವೋ ಕೆಲವೇ ಸೆಕೆಂಡು. ಒಂದೇ ಹಾಡಿನ ಎರಡು ಪ್ಲೇಟು ತಂದು, ಒಂದರಲ್ಲಿ ಆ ತುಣುಕು ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಶುರು ಮಾಡಿ ಅದನ್ನೇ ಎಳೆದ. ಅವನೇ ನಿಮ್ಮ ಡಿಜೆ ಕೂಲ್ ಹರ್ಕ್. ಮದುವೆ ಮನೆಯಲ್ಲಿ ಪ್ಲೇಟು ಸಿಕ್ಕಿಕೊಂಡು ಅದೇ ಸಾಲು ತಿರುತಿರುಗಿ ಬಂದಾಗ ಬೀಗರಿಂದ ಬೈಸಿಕೊಂಡವನು ನಾನು. ಅದನ್ನೇ ಇವನು ಬೇಕೆಂದು ಮಾಡಿ ಹೊಸ ಸಂಗೀತ ಹುಟ್ಟಿಸಿದ!

ಇನ್ನೊಬ್ಬ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್. ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ಹುಡುಗ. ತುಣುಕು ಎಲ್ಲಿ ಶುರುವೆಂದು ಗೊತ್ತಾಗಲು ಪ್ಲೇಟಿನ ಮೇಲೆ ಮೇಣದ ಬಳಪದಲ್ಲಿ ಗುರುತು ಹಾಕುತ್ತಿದ್ದನಂತೆ. ಇಂಥವರ ಮೇಲೆ ನನಗೆ ಸಹಜವಾಗಿ ಪ್ರೀತಿ. ಅವರ ಕೇರಿಯ ನಡುವೆ ಹೆದ್ದಾರಿ ಹಾಯಿಸಿ ಸಾವಿರಾರು ಜನರನ್ನು ಎಬ್ಬಿಸಿದ್ದರು. ವಿಮೆಯ ದುಡ್ಡಿಗೆ ಮಾಲೀಕರೇ ಮನೆಗಳಿಗೆ ಬೆಂಕಿ ಇಡಿಸುತ್ತಿದ್ದ ಕಾಲ ಅದು. ಪಾರ್ಕಿನಲ್ಲಿ ಹಾಡು ಹಾಕಲು ಬೀದಿ ದೀಪದ ಕಂಬದಿಂದ ಕರೆಂಟು ಎಳೆದರು, ನಾವು ಗಣೇಶನ ಪೆಂಡಾಲಿಗೆ ಎಳೆದ ಹಾಗೆ.

ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತೆಂದು ನಿನಗೆ ಗೊತ್ತೇ ಇದೆ. 2018ರಲ್ಲಿ ರ‍್ಯಾಪ್ ಹಾಡುವ ಕೆಂಡ್ರಿಕ್ ಲಾಮಾರ್‌ಗೆ ಪುಲಿಟ್ಜರ್ ಪ್ರಶಸ್ತಿ ಬಂತು, 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಬ್ರೇಕ್ ಡ್ಯಾನ್ಸಿಗೆ ಪದಕ ಕೊಟ್ಟರು. ನನ್ನ ತಲೆಯಲ್ಲಿ ಕೂತದ್ದು ಬೇರೆ ಕತೆ.

1979ರಲ್ಲಿ 'ರ‍್ಯಾಪರ್ಸ್ ಡಿಲೈಟ್' ಬಂತಲ್ಲ, ರ‍್ಯಾಪನ್ನು ಜಗತ್ತಿಗೆ ಮುಟ್ಟಿಸಿದ ಹಾಡು. ಅದರಲ್ಲಿ ಬಿಗ್ ಬ್ಯಾಂಕ್ ಹ್ಯಾಂಕ್ ಎಂಬವನು ಹೇಳುವ ಸಾಲುಗಳು ಬಹುಪಾಲು ಗ್ರ್ಯಾಂಡ್‌ಮಾಸ್ಟರ್ ಕಾಜ್ ಎಂಬ ಹುಡುಗನ ನೋಟ್‌ಬುಕ್ಕಿನವು. ಎಷ್ಟು ಹಾಗೇ ಎತ್ತಿದ್ದೆಂದರೆ 'ಕ್ಯಾಸನೋವಾ' ಎಂದು ಅಕ್ಷರ ಅಕ್ಷರ ಬಿಡಿಸಿ ತನ್ನ ಹೆಸರು ಹೇಳಿಕೊಳ್ಳುತ್ತಾನೆ. ಅದು ಕಾಜ್ ಹಾಡಲು ಇಟ್ಟುಕೊಂಡಿದ್ದ ಹೆಸರು! ಹಾಡಿನ ತಾಳ 'ಷೀಕ್' ತಂಡದ್ದು. ಅವರು ಕೋರ್ಟಿನ ಮಾತೆತ್ತಿದ ಮೇಲೆ ಅವರ ಹೆಸರು ಹಾಡಿನ ಮೇಲೆ ಬಂತು. ಮಾತು ಕಟ್ಟಿದವನ ಹೆಸರು ಬರಲಿಲ್ಲ, ದುಡ್ಡೂ ಬರಲಿಲ್ಲ. ಹಾಗಂತ ಕಾಜ್ ಸಂತನೇನಲ್ಲ. 1977ರಲ್ಲಿ ನ್ಯೂಯಾರ್ಕಿನಲ್ಲಿ ಕರೆಂಟು ಹೋದ ರಾತ್ರಿ ಅಂಗಡಿಯಿಂದ ಹಾಡು ಬೆರೆಸುವ ಮಿಕ್ಸರ್ ಹೊತ್ತು ತಂದೆನೆಂದು ತಾನೇ ಹೇಳಿಕೊಂಡಿದ್ದಾನೆ.

ಈಗ ನಿನ್ನ ಸಾಲುಗಳಿಗೆ ಬರುತ್ತೇನೆ, ಸಿಟ್ಟಾಗಬೇಡ. 'ಬರ್ತೀನಿ, ತೋರಿಸ್ತೀನಿ, ಮುಗಿಸ್ತೀನಿ' ಎಂದು ಹನ್ನೆರಡು ಸಾಲು ಹೇಳಿದ್ದೀಯ. ಅದು ಪ್ರಾಸವಲ್ಲ ಮಾರಾಯ, ವ್ಯಾಕರಣ ಹಾಕಿದ ಭಿಕ್ಷೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಬಾಲ ತಾನಾಗಿ ಹೊಂದುತ್ತದೆ. ಇಂಗ್ಲಿಷಿನವನು ಒದ್ದಾಡಿ ಹುಡುಕುವುದು ನಮಗೆ ಪುಕ್ಕಟೆ ಸಿಗುತ್ತದೆ, ಅದಕ್ಕೇ ಅಗ್ಗ. ನಮ್ಮ ಹಳೆಯ ಕವಿಗಳು ಪ್ರಾಸವನ್ನು ಸಾಲಿನ ತಲೆಯಲ್ಲಿ, ಎರಡನೇ ಅಕ್ಷರದಲ್ಲಿ ಇಟ್ಟರು. ಬೀಟಿನ ಮೇಲೆ ಹಾಗೆ ಕಟ್ಟಿ ನೋಡು, ಬೆವರು ಇಳಿಯುತ್ತದೆ. ಮತ್ತೆ ಆ ಗನ್ನು, ಚೈನು! ನಿಮ್ಮ ಬೀದಿಯಲ್ಲಿ ಗನ್ನು ಕಂಡವರಾರು? ನೀರಿನ ಟ್ಯಾಂಕರಿನ ಮುಂದೆ ಕೊಡ ಹಿಡಿದು ಕಿತ್ತಾಡಿದ್ದನ್ನು ನಾನೂ ನೋಡಿದ್ದೇನೆ, ನೀನೂ ನೋಡಿದ್ದೀಯ. ಆ ಫ್ಲ್ಯಾಶ್‌ನ ತಂಡದ ಹೆಸರಲ್ಲಿ ಬಂದ 1982ರ 'ದಿ ಮೆಸೇಜ್' ಹಾಡಿನಲ್ಲಿರುವುದು ಒಡೆದ ಗಾಜು, ಇಲಿ, ಜಿರಳೆ. ಅವರ ಮನೆಯ ಇಲಿ ಅವರು ಬರೆದರು.

ಇನ್ನು ಆ ಮುದುಕಿಯ ದನಿ. 1969ರಲ್ಲಿ 'ವಿನ್‌ಸ್ಟನ್ಸ್' ತಂಡದ ಗ್ರೆಗರಿ ಕೋಲ್ಮನ್ ಒಂದು ಪ್ಲೇಟಿನ ಬಿ ಸೈಡಿನಲ್ಲಿ, ಅಂದರೆ ಹಿಂಬದಿಯಲ್ಲಿ, ಆರೇಳು ಸೆಕೆಂಡು ಡ್ರಮ್ಮು ಬಾರಿಸಿದ. ಅದನ್ನು ಕತ್ತರಿಸಿ ಅಂಟಿಸಿ ಮಾಡಿದ ಹಾಡುಗಳು ಸಾವಿರಾರು. ಅವನು 2006ರಲ್ಲಿ ಕಾಸಿಲ್ಲದೆ ಸತ್ತ. 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ತಂಡದ ಮುಖ್ಯಸ್ಥನಿಗೆ ಸುಮಾರು 24,000 ಪೌಂಡು ಕೊಟ್ಟರಂತೆ. ಡ್ರಮ್ಮಿನವನು ಅಷ್ಟೊತ್ತಿಗೆ ಹೋಗಿ ಒಂಬತ್ತು ವರ್ಷ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. 1986ರಲ್ಲಿ ಹರಿಹರದ ಹತ್ತಿರ ಒಂದು ಹಳ್ಳಿಗೆ ಮದುವೆ ಸೆಟ್ ಹೊತ್ತು ಹೋಗಿದ್ದೆ. ಆ ಅಜ್ಜಿ ಸೋಬಾನೆ ಪದ ಶುರು ಮಾಡಿದಳು, ನಾನು ಮೈಕು ಮುಂದಿಟ್ಟು ಟೇಪು ಮಾಡಿಕೊಂಡೆ. ಆಮೇಲೆ ವರ್ಷಗಟ್ಟಲೆ, ಬೆಳಗಿನ ಜಾವ ಓಲಗದವರು ಬರುವ ಮುಂಚೆ ಅದನ್ನೇ ಹಾಕುತ್ತಿದ್ದೆ. 'ಆ ಅಜ್ಜಿ ಪದ ಇರೋ ಸೆಟ್ಟೇ ಬೇಕು' ಎಂದು ಕೇಳಿ ಬರುತ್ತಿದ್ದರು. ಒಮ್ಮೆ ಸಂತೆಗೆ ಬಂದವಳು ಅಂಗಡಿ ಹುಡುಕಿಕೊಂಡು ಬಂದು, 'ನನ್ನ ದನಿ ಒಂಚೂರು ಕೇಳಸಪ್ಪ' ಅಂದಳು. ಕೇಳಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಒಂದು ಚಹಾ ಕುಡಿಸಿ ಕಳಿಸಿದೆ. ನಾನು ಕೊಟ್ಟದ್ದು ಅಷ್ಟೇ. ಕ್ಯಾಸೆಟ್ಟಿನ ಮೇಲೆ ಏನು ಬರೆದಿದ್ದೇನೆ ನೋಡಿದೆಯಲ್ಲ? 'ಹಳ್ಳಿ ಪದ, ಬಿ ಸೈಡು.' ನಿನಗೆ ಅವಳ ಹೆಸರು ಗೊತ್ತಿಲ್ಲದೇ ಹೋದದ್ದು ನನ್ನಿಂದ.

ಅವಳ ಮೊಮ್ಮಗಳು ಹರಿಹರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಭಾನುವಾರ ಬಾ, ಇಬ್ಬರೂ ಹೋಗೋಣ. ಅಲ್ಲಿಯವರೆಗೆ ಆ ಹಾಡನ್ನು ಯೂಟ್ಯೂಬಿನಿಂದ ತೆಗೆದಿಡು. ಆಕೆ ಬೇಡ ಎಂದರೆ ಅಜ್ಜಿಯ ದನಿ ತೆಗೆದುಬಿಡು, ವಾದ ಮಾಡಬೇಡ. ಆಗಲಿ ಎಂದರೆ ಹೆಸರನ್ನು ಆಕೆಯ ಬಾಯಲ್ಲೇ ಕೇಳಿ ಬರೆದುಕೋ, ಬರುವ ದುಡ್ಡಿನಲ್ಲಿ ಪಾಲು ಎಷ್ಟೆಂದು ಕಾಗದದ ಮೇಲೆ ಬರೆದುಕೊಡು. ನನ್ನ ಬಾಕಿ ನಾನು ಬೇರೆ ಕವರಿನಲ್ಲಿ ಇಟ್ಟಿದ್ದೇನೆ. ಅಕ್ಕನಿಗೆ ನಾನೇ ಹೇಳಿಕೊಳ್ಳುತ್ತೇನೆ, ಪರೀಕ್ಷೆ ಮಾತ್ರ ತಪ್ಪಿಸಬೇಡ.

ಕ್ಯಾಸೆಟ್ಟು ಮರೆಯದೆ ತಾ. ಟೇಪು ಸಡಿಲಾಗಿರುತ್ತದೆ, ಪೆನ್ಸಿಲ್ಲು ಹಾಕಿ ಸುತ್ತಿಕೊಂಡು ತಾ. ಅವರ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಕ್ಕಿಲ್ಲ, ನನ್ನದಕ್ಕೆ ಹೊಸ ಬೆಲ್ಟು ಹಾಕಿಸಿ ಇಟ್ಟಿದ್ದೇನೆ.

ಇಂತಿ,
ನಿನ್ನ ಮಾವ