ವರ್ಗಮೂಲ ಬಿಡಿಸುವ ಪಾಠಕ್ಕೆ ಸಮಯ ಕೊಡಿ

ಮಾನ್ಯರೆ,

ಹತ್ತನೇ ತರಗತಿಯ ವರ್ಗಸಮೀಕರಣದಲ್ಲಿ ಸೂತ್ರವನ್ನು ಸರಿಯಾಗಿ ಬರೆದ ಮಕ್ಕಳೂ ಕೊನೆಯ ಎರಡು ಸಾಲಿನಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಉದಾಹರಣೆಗೆ (4 ± √48)/2 ಎಂಬಲ್ಲಿಗೆ ಬಂದರು ಎನ್ನಿ. 48 = 16 × 3, ಆದ್ದರಿಂದ √48 = 4√3. ಇಲ್ಲಿಯವರೆಗೆ ಸರಿ. ಆಮೇಲೆ ಛೇದದ 2ರಿಂದ ಮೊದಲ 4ನ್ನು ಮಾತ್ರ ಹೊಡೆದು 2 ± 4√3 ಎಂದು ಬರೆದುಬಿಡುತ್ತಾರೆ. ಛೇದವು ಎರಡೂ ಪದಗಳನ್ನು ಭಾಗಿಸಬೇಕು. ಸರಿಯುತ್ತರ 2 ± 2√3. ಅಂಶದಲ್ಲಿ 4(1 ± √3) ಎಂದು ಸಾಮಾನ್ಯ ಅಪವರ್ತನವನ್ನು ಮೊದಲು ಹೊರತೆಗೆಸಿದರೆ ಈ ತಪ್ಪು ಆಗುವುದೇ ಇಲ್ಲ.

√72 ಕೊಟ್ಟರೆ 4 × 18 ಎಂದು ಒಡೆದು 2√18ಕ್ಕೇ ನಿಲ್ಲಿಸುವವರು ಬಹಳ. 18ರೊಳಗೆ ಇನ್ನೂ 9 ಎಂಬ ಪೂರ್ಣವರ್ಗ ಇದೆ. ಅನುಮಾನವಿದ್ದರೆ ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಲಿ: 2×2×2×3×3. ಪ್ರತಿ ಜೋಡಿಯಿಂದ ಒಂದು ಹೊರಗೆ, ಒಂಟಿ 2 ಒಳಗೆ, ಉತ್ತರ 6√2.

ಎಲ್ಲಕ್ಕಿಂತ ಹಠಮಾರಿ ತಪ್ಪು ಸಂಕಲನದ್ದು. √50 + √18 ಅನ್ನು √68 ಎನ್ನುತ್ತಾರೆ. ಗುಣಾಕಾರಕ್ಕೆ ಒಪ್ಪುವ ನಿಯಮ (√a × √b = √(ab)) ಕೂಡುವುದಕ್ಕೆ ಒಪ್ಪದು. 5√2 + 3√2 = 8√2, ಸುಮಾರು 11.31, √68 ಬರೀ 8.25. ಹೀಗೆ ದಶಮಾಂಶದಲ್ಲಿ ತಾಳೆ ನೋಡಲು ಅರ್ಧ ನಿಮಿಷ ಸಾಕು, ಆದರೂ ಯಾರೂ ಮಾಡಿಸುವುದಿಲ್ಲ.

ಒಂಬತ್ತನೇ ತರಗತಿಯಲ್ಲಿ ಕರಣಿಗಳನ್ನು (√2, √3ರಂತೆ ಪೂರ್ತಿ ಬಿಡಿಸಲಾಗದ ಮೂಲಗಳನ್ನು) ಓಡಿಸಿ ಮುಗಿಸದೆ, ಈ ಮೂರು ಬಗೆಯ ಲೆಕ್ಕಗಳನ್ನು ಕರಿಹಲಗೆಯ ಮೇಲೆ ಮಕ್ಕಳಿಂದಲೇ ಬಿಡಿಸಬೇಕೆಂದು ಶಿಕ್ಷಕರಲ್ಲಿ ಕಳಕಳಿಯ ವಿನಂತಿ.

– ಗಣಿತ ಶಿಕ್ಷಕರೊಬ್ಬರು