ಪಾಲಕ್‌ಗೆ ಕಾಯಬೇಡ ಗೆಳೆಯಾ

ಪ್ರಿಯ ಗೆಳೆಯಾ,

ನಿನ್ನ ಕುಂಡದ ಫೋಟೊ ನೋಡಿದೆ. ಗಿಡದ ನಡುವಿನಿಂದ ಗೇಣುದ್ದ ದಂಟು ಎದ್ದಿದೆ, ಮೇಲಿನ ಎಲೆಗಳು ಕಿರಿದಾಗಿ ಚೂಪಾಗಿವೆ, ಎಲೆಯ ಕಂಕುಳಲ್ಲಿ ಹಸಿರು ಕಾಳಿನಂಥ ಮೊಗ್ಗು ಗುಂಪಾಗಿ ಕೂತಿದೆ. "ಗೊಬ್ಬರ ಸಾಲಲಿಲ್ಲವೇನೋ" ಎಂದು ಕೇಳಿದ್ದೀಯ. ಗೊಬ್ಬರಕ್ಕೂ ಇದಕ್ಕೂ ಸಂಬಂಧವಿಲ್ಲ ಮಾರಾಯ. ಗಿಡ ಹೂವಿಗೆ ಬಂದಿದೆ. ಒಮ್ಮೆ ಆ ಕಡೆ ಹೊರಟ ಪಾಲಕ್ ಎಲೆಯ ಕಡೆಗೆ ವಾಪಸು ಬರುವುದಿಲ್ಲ. ದಂಟು ಚಿವುಟಿದರೆ ಪಕ್ಕದಲ್ಲಿ ಇನ್ನೊಂದು ಏಳುತ್ತದೆ, ಅಷ್ಟೆ. ತಿನ್ನುವ ಹಾಗಿರುವ ಎಲೆಗಳನ್ನು ಇವತ್ತೇ ಕೊಯ್ದುಕೋ, ಹೊಸದಾಗಿ ಬಿತ್ತು. ಹೇಗೆಂದು ಬರೆಯುತ್ತೇನೆ. ದಂಟು ಸಾಕುತ್ತಿರುವವನು ನೀನೊಬ್ಬನೇ ಅಲ್ಲವಾದ್ದರಿಂದ ಎಲ್ಲರ ಕಣ್ಣಿಗೂ ಬೀಳುವ ಹಾಗೇ ಬರೆಯುತ್ತಿದ್ದೇನೆ. ಮೂರನೇ ಕುಂಡದ ವಿಷಯ ಮಾತ್ರ ಇಲ್ಲಿ ಎತ್ತುವುದಿಲ್ಲ, ನಿಶ್ಚಿಂತೆಯಿಂದಿರು.

ಪಾಲಕ್‌ನ ಒಂದು ಸ್ವಭಾವ ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಹಗಲು ಉದ್ದವಾದಾಗ ಹೂ ಬಿಡುವ ಗಿಡ ಅದು. ತಳಿಗೆ ತಕ್ಕಂತೆ ಹಗಲು 12ರಿಂದ 14 ಗಂಟೆ ದಾಟಿತೆಂದರೆ ಎಲೆಯ ಕೆಲಸ ನಿಲ್ಲಿಸಿ ಹೂದಂಟಿಗೆ ಸಿದ್ಧವಾಗುತ್ತದೆ. ಸೆಖೆ, ನೀರಿನ ಕೊರತೆ, ಇಕ್ಕಟ್ಟಿನಲ್ಲಿ ಸಿಕ್ಕ ಬೇರು, ಇವು ಒಂದೊಂದೂ ಆ ದಿನವನ್ನು ಹತ್ತಿರಕ್ಕೆ ಎಳೆಯುತ್ತವೆ. ಬಿತ್ತುವುದರಿಂದ ಕೊಯ್ಯುವವರೆಗೆ ನಾವು ಮಾಡುವುದೆಲ್ಲ ಇಷ್ಟೇ: ಹೂವಿಗೆ ಮುಂಚೆ ಸಿಗುವ ತಂಪು ದಿನಗಳಲ್ಲಿ ಆದಷ್ಟು ಎಲೆ ತೆಗೆದುಕೊಳ್ಳುವುದು. ಹಾಗಾಗಿ ಹಗಲು ಕುಗ್ಗುತ್ತ ಹೋಗುವ ಕಾಲಕ್ಕೆ ಬಿತ್ತು. 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದಕ್ಕೆ ಹಬ್ಬ. 25 ದಾಟಿದರೆ ಮಧ್ಯಾಹ್ನದ ಬಿಸಿಲಿಗೆ ನೆರಳು ಬೇಕೇ ಬೇಕು. ಇನ್ನೊಂದು ಮಾತು. ಒಂದೇ ಪೊಟ್ಟಣದ ಬೀಜದಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆಯಾಗಿ ಹುಟ್ಟುತ್ತವೆ. ಗಂಡಿನಲ್ಲಿ ಎಲೆ ಕಡಿಮೆ, ದಂಟು ಬೇಗ. ಒಂದೇ ಕುಂಡದಲ್ಲಿ ಕೆಲವು ಮೊದಲೇ ದಂಟೆದ್ದು ಕೆಲವು ಇನ್ನೂ ಎಲೆ ಬಿಡುತ್ತಿದ್ದರೆ ಕಾರಣ ಇದೇ ಇರಬಹುದು.

ಬೀಜವನ್ನು ಅಂಗೈಗೆ ಸುರಿದು ನೋಡು. ಒಂಟೊಂಟಿಯಾಗಿ, ದುಂಡಗೆ ಅಥವಾ ಸಣ್ಣ ಮುಳ್ಳಿನೊಂದಿಗೆ ಇದ್ದರೆ ನಾನು ಹೇಳುತ್ತಿರುವ ಗಿಡ ಅದೇ. ಬೆಂಡಿನ ಉಂಡೆಯಂತೆ ಹಗುರವಾಗಿ, ಒರಟಾಗಿ ಇದ್ದರೆ ಅದು ಪಾಲಕ್ ಎಂದೇ ಕರೆಯುವ ಇನ್ನೊಂದು ಗಿಡ, ಬೀಟ್‌ರೂಟಿನ ಹತ್ತಿರದ ನೆಂಟ. ಒಂದು ಉಂಡೆಯಿಂದ ಎರಡು ಮೂರು ಮೊಳಕೆ ಬರುತ್ತವೆ, ಸೆಖೆಯನ್ನು ಹೆಚ್ಚು ತಡೆಯುತ್ತದೆ, ಹೆಚ್ಚು ಸಲ ಕೊಯ್ಯಬಹುದು. ಬಿತ್ತುವ ರೀತಿ ಬಹುಪಾಲು ಒಂದೇ, ಆದರೆ ಸೆಖೆಯ ಬಗ್ಗೆ ಮುಂದೆ ಹೇಳುವ ಕಟ್ಟುನಿಟ್ಟನ್ನು ಅದಕ್ಕೆ ಸ್ವಲ್ಪ ಸಡಿಲಿಸಿಕೋ. ಯಾವುದೇ ಆಗಲಿ, ಹೊಸ ಬೀಜ ತಗೋ. ಎರಡು ಮೂರು ವರ್ಷ ದಾಟಿದ ಪಾಲಕ್ ಬೀಜ ಅರ್ಧಕ್ಕರ್ಧ ಏಳದೇ ಹೋಗಬಹುದು. ಅನುಮಾನವಿದ್ದರೆ ಹತ್ತು ಬೀಜವನ್ನು ಒದ್ದೆ ಕಾಗದದಲ್ಲಿ ಸುತ್ತಿ ತಂಪಾದ ಕಡೆ ಇಡು. ಹತ್ತು ದಿನದಲ್ಲಿ ಎಷ್ಟು ಮೊಳೆತವೆಂದು ನೋಡಿ ಎಷ್ಟು ಬಿತ್ತಬೇಕೆಂದು ನಿರ್ಧರಿಸು.

ಬಿತ್ತುವ ಮುಂಚೆ ರಾತ್ರಿ ನೆನೆಹಾಕುವುದು ಒಳ್ಳೆಯದು, ಬೆಳಿಗ್ಗೆ ತೆಗೆದುಬಿಡು. ಎರಡು ದಿನ ನೀರಿನಲ್ಲೇ ಬಿಟ್ಟರೆ ಕೆಡುತ್ತದೆ. ಬೀಜದ ಹೊರಸಿಪ್ಪೆ ನೀರು ಹೆಚ್ಚಾದರೆ ಲೋಳೆಯಾಗಿ ಒಳಗಿನ ಮೊಳಕೆಗೆ ಗಾಳಿಯಾಡದಂತೆ ಮುಚ್ಚಿಕೊಳ್ಳುತ್ತದೆ. ಬಿತ್ತಿದ ಮೇಲೂ ಇದೇ ಲೆಕ್ಕ: ಮಣ್ಣು ಒದ್ದೆಯಾಗಿರಲಿ, ಕೆಸರಾಗದಿರಲಿ. ಮೊಳೆಯುತ್ತಿಲ್ಲವೆಂದು ದಿನಕ್ಕೆ ಮೂರು ಸಲ ನೀರು ಹೊಯ್ಯುವವರ ಬೀಜ ಮೊಳೆಯದಿರುವುದು ಆ ನೀರಿನಿಂದಲೇ.

ಕುಂಡ 20 ಸೆಂಟಿಮೀಟರ್ ಆಳ ಇರಲಿ, ಅಗಲ ಎಷ್ಟಿದ್ದರೂ ಒಳ್ಳೆಯದೇ. ಪಾಲಕ್ ನೆಟ್ಟಗೆ ತಾಯಿಬೇರು ಇಳಿಸುವ ಗಿಡ, ಕಿತ್ತು ನೆಡುವುದು ಅದಕ್ಕೆ ಹಿಡಿಸುವುದಿಲ್ಲ. ಬೆಳೆಯುವ ಜಾಗದಲ್ಲೇ ಬಿತ್ತಿಬಿಡು. ಎರಡು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್, ಒಂದು ಪಾಲು ತೆಂಗಿನ ನಾರಿನ ಪುಡಿ. ಹಸಿ ಸಗಣಿ ಗೊಬ್ಬರ ಬೇಡ. ಎಲೆ ನೇರ ಬಾಯಿಗೆ ಹೋಗುವಂಥದ್ದು, ರೋಗಾಣುವಿನ ಭಯ ಇದೆ. ಎಳೆ ಬೇರೂ ಸುಡುತ್ತದೆ. ಮಣ್ಣಿನ ರಸಸಾರ, ಅಂದರೆ ಪಿಎಚ್, 6.5ರಿಂದ 7.5ರ ನಡುವೆ ಇರಬೇಕು. ಹುಳಿ ಮಣ್ಣನ್ನು ಇಷ್ಟು ಸಹಿಸದ ಸೊಪ್ಪು ಕಡಿಮೆ. 6ಕ್ಕಿಂತ ಕೆಳಗಿಳಿದರೆ ಗಿಡ ಕುಳ್ಳಾಗಿ, ಎಲೆ ಹಳದಿಯಾಗಿ ನಿಂತುಬಿಡುತ್ತದೆ, ನಾವು ಗೊಬ್ಬರ ಸುರಿಯುತ್ತ ಹೋಗುತ್ತೇವೆ, ಅದು ಹಾಗೇ ನಿಂತಿರುತ್ತದೆ. ಅಂಥ ಮಣ್ಣಿಗೆ ಕೃಷಿ ಸುಣ್ಣವನ್ನು ಬಿತ್ತುವ ಕೆಲವು ವಾರ ಮೊದಲೇ ಬೆರೆಸಬೇಕು. ಬಿತ್ತಿದ ಮೇಲೆ ಬೆರೆಸಿದರೆ ಆ ಬೆಳೆಗೆ ಹೆಚ್ಚು ಉಪಯೋಗವಾಗುವುದಿಲ್ಲ.

ಬೀಜ ಒಂದರಿಂದ ಒಂದೂವರೆ ಸೆಂಟಿಮೀಟರ್ ಆಳಕ್ಕೆ, ಮೂರು ಸೆಂಟಿಮೀಟರಿಗೊಂದು. ಸಾಲಿನಿಂದ ಸಾಲಿಗೆ 20 ಸೆಂಟಿಮೀಟರ್. ಮಣ್ಣು 15 ಡಿಗ್ರಿ ಇದ್ದರೆ ವಾರದಲ್ಲಿ ಏಳುತ್ತದೆ, 10 ಡಿಗ್ರಿಯಲ್ಲಿ ಹನ್ನೆರಡು ದಿನ ಹಿಡಿಯುತ್ತದೆ. 30 ಡಿಗ್ರಿ ಮಣ್ಣಿನಲ್ಲಿ ಮುಕ್ಕಾಲುಪಾಲು ಏಳದಿದ್ದರೂ ಆಶ್ಚರ್ಯವಿಲ್ಲ. ಸೆಖೆಯಲ್ಲಿ ಬಿತ್ತಲೇಬೇಕೆಂದರೆ ಕುಂಡವನ್ನು ನೆರಳಿಗೆ ಸರಿಸಿ, ಸಂಜೆ ಬಿತ್ತಿ, ಒದ್ದೆ ಗೋಣಿ ಮುಚ್ಚು. ಮೊದಲ ಮೊಳಕೆ ಕಂಡ ದಿನವೇ ಗೋಣಿ ತೆಗಿ.

ಮೊದಲು ಬರುವ ಎರಡು ಎಲೆ ಉದ್ದಕ್ಕೆ, ಹುಲ್ಲಿನೆಸಳಿನ ಹಾಗೆ ಇರುತ್ತವೆ. ಕಳೆಯೆಂದು ಕೀಳಬೇಡ. ಅವುಗಳ ನಡುವೆ ದುಂಡನೆಯ ನಿಜವಾದ ಎಲೆ ಜೋಡಿ ಮೂಡಿದಾಗ ಬೇಡದ ಸಸಿ ತೆಗೆಯುವ ಕೆಲಸ. ಎಳೆ ಎಲೆ ಸಾಕೆಂದರೆ ಐದು ಸೆಂಟಿಮೀಟರಿಗೊಂದು ಸಸಿ ಉಳಿಸು, ತುಂಬು ಗಿಡ ಬೇಕೆಂದರೆ ಹತ್ತರಿಂದ ಹದಿನೈದಕ್ಕೊಂದು. ಎಳೆಯುವುದಕ್ಕಿಂತ ಸಣ್ಣ ಕತ್ತರಿಯಿಂದ ಬುಡಕ್ಕೆ ಕತ್ತರಿಸುವುದು ಮೇಲು, ಉಳಿಯುವ ಸಸಿಯ ಬೇರು ಅಲುಗುವುದಿಲ್ಲ. ಇದನ್ನು ಬಿಟ್ಟರೆ ಏನಾಗುತ್ತದೆ ಗೊತ್ತಾ? ಗಾಳಿಯಾಡದೆ ಬುಡ ಕೊಳೆಯುತ್ತದೆ. ನೆಲಮಟ್ಟದಲ್ಲಿ ಕಾಂಡ ನೀರುನೀರಾಗಿ, ದಾರದಷ್ಟು ತೆಳ್ಳಗಾಗಿ ಸಸಿ ಮಗ್ಗುಲಿಗೆ ಬೀಳುತ್ತದೆ, ಒಂದು ಮೂಲೆಯಿಂದ ಶುರುವಾಗಿ ಬೇಗ ಹರಡುತ್ತದೆ. ಬಿದ್ದದ್ದು ಮೇಲೇಳುವುದಿಲ್ಲ. ಬಿದ್ದ ಸಸಿಗಳನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು, ನೀರು ಕಡಿಮೆ ಮಾಡಿ, ಕುಂಡವನ್ನು ಗಾಳಿ ಬೆಳಕಿಗೆ ಸರಿಸಬೇಕು.

ನೀರು ಬೆಳಿಗ್ಗೆ, ಬುಡಕ್ಕೆ. ಬೆರಳಿನ ಮೊದಲ ಗೆಣ್ಣಿನಷ್ಟು ಆಳ ಒಣಗಿದ್ದರೆ ಹಾಕು, ಇಲ್ಲದಿದ್ದರೆ ಬೇಡ. ರಾತ್ರಿಯಿಡೀ ಎಲೆ ಒದ್ದೆಯಿದ್ದರೆ ಬೂಜು ರೋಗಕ್ಕೆ ಬಾಗಿಲು ತೆರೆದ ಹಾಗೆ: ಎಲೆಯ ಮೇಲೆ ಮಾಸಲು ಹಳದಿ ಮಚ್ಚೆ, ತಿರುಗಿಸಿದರೆ ಅದೇ ಜಾಗದ ಕೆಳಗೆ ಬೂದಿ ನೇರಳೆ ಬಣ್ಣದ ನವಿರು ಬೂಜು. ಅಂಥ ಎಲೆ ಕಿತ್ತು ಕಸಕ್ಕೆ ಹಾಕು, ಕಾಂಪೋಸ್ಟಿಗೆ ಹಾಕಬೇಡ. ಎಲೆಯೊಳಗೆ ಬಿಳಿ ಗೆರೆ ಅಡ್ಡಾದಿಡ್ಡಿ ಓಡಿದ್ದರೆ ರಂಗೋಲಿ ಹುಳು. ಬೆಳಕಿಗೆ ಹಿಡಿದು ನೋಡಿದರೆ ಗೆರೆಯ ತುದಿಯಲ್ಲಿ ಹುಳು ಕಾಣುತ್ತದೆ. ಅದು ಎಲೆಯ ಎರಡು ಪದರದ ನಡುವೆ ಇರುವುದರಿಂದ ಮೇಲೆ ಸಿಂಪಡಿಸಿದ್ದು ಸುಲಭವಾಗಿ ತಟ್ಟುವುದಿಲ್ಲ. ಅಲ್ಲೇ ಹಿಸುಕು, ಇಲ್ಲವೇ ಎಲೆ ತೆಗಿ. ಬಿತ್ತಿದ ದಿನದಿಂದಲೇ ತೆಳು ಬಲೆ ಹೊದಿಸಿದರೆ ನೊಣ ಬಂದು ಮೊಟ್ಟೆ ಇಡುವುದೇ ತಪ್ಪುತ್ತದೆ. ಗಿಡಹೇನು ಎಲೆಯಡಿ ಕೂತಿದ್ದರೆ ನೀರಿನಿಂದ ರಭಸವಾಗಿ ತೊಳೆ, ತಡಮಾಡಬೇಡ. ರಸ ಹೀರುವುದಷ್ಟೇ ಅಲ್ಲ, ವೈರಸ್ ರೋಗವನ್ನೂ ಗಿಡದಿಂದ ಗಿಡಕ್ಕೆ ಹೊತ್ತು ತರುತ್ತದೆ.

ಗೊಬ್ಬರದ ಬಗ್ಗೆ ನೀನು ಕೇಳಿದ್ದಕ್ಕೆ ಈಗ ಉತ್ತರ. ಸಸಿ ತೆಳುವು ಮಾಡಿದ ವಾರದ ಮೇಲೆ ಗಿಡದ ಸುತ್ತ ಒಂದು ಮುಷ್ಟಿ ಎರೆಗೊಬ್ಬರ, ಕೊಯ್ಲಾದ ಮೇಲೆ ಮತ್ತೊಮ್ಮೆ. ಸಾಕು. ಸಾರಜನಕ ಹೆಚ್ಚು ಸುರಿದರೆ ಎಲೆ ಕಡುಹಸಿರಾಗಿ ಕಣ್ಣಿಗೆ ಸೊಗಸು, ಆದರೆ ಗಿಡ ಬಳಸಿಕೊಳ್ಳಲಾಗದ್ದು ನೈಟ್ರೇಟ್ ಆಗಿ ಎಲೆಯಲ್ಲೇ ಉಳಿಯುತ್ತದೆ. ನೆರಳಿನಲ್ಲಿ, ಮೋಡ ಕವಿದ ದಿನಗಳಲ್ಲಿ ಇನ್ನೂ ಹೆಚ್ಚು, ಏಕೆಂದರೆ ಅದನ್ನು ಪ್ರೋಟೀನಾಗಿ ಪರಿವರ್ತಿಸಲು ಬೆಳಕು ಬೇಕು. ನಾವು ಹೊಗಳುವ ಆ ಕಡುಹಸಿರು ಯಾವಾಗಲೂ ಆರೋಗ್ಯದ ಗುರುತಲ್ಲ.

ಇನ್ನು ಕೊಯ್ಲು. ಬಿತ್ತಿ 25–30 ದಿನಕ್ಕೆ ಎಲೆ ಬೆರಳುದ್ದ ಬಂದಾಗಲೇ ಶುರು ಮಾಡಬಹುದು, ತುಂಬು ಗಿಡಕ್ಕೆ 40–50 ದಿನ. ಹೊರಸುತ್ತಿನ ಎಲೆಗಳನ್ನು ತೊಟ್ಟಿನ ಬುಡದಲ್ಲಿ ಕತ್ತರಿಸು, ನಡುವಿನ ಐದಾರು ಎಲೆಗಳನ್ನು ಬಿಡು. ಒಟ್ಟಿಗೆ ಕೊಯ್ಯುವುದಾದರೆ ಮಣ್ಣಿನಿಂದ ಮೂರು ನಾಲ್ಕು ಸೆಂಟಿಮೀಟರ್ ಮೇಲೆ; ಅದಕ್ಕಿಂತ ಕೆಳಗೆ ಹೋದರೆ ಚಿಗುರುವ ಸುಳಿಯೇ ಹೋಗುತ್ತದೆ.

ಇಲ್ಲೊಂದು ವಿಷಯ ಈಚೆಗೆ ನನ್ನನ್ನು ಕಾಡುತ್ತಿದೆ, ಹೇಳಿಬಿಡುತ್ತೇನೆ. ಗಿಡ ಬೆಳೆಸಲು ತಾಳ್ಮೆ ಬೇಕೆಂದು ಕಂಡಕಂಡವರಿಗೆಲ್ಲ ಹೇಳುತ್ತ ಬಂದವನು ನಾನು. ಪಾಲಕ್‌ಗೆ ಆ ಮಾತು ಹೊಂದುವುದಿಲ್ಲ. ಎಲೆ ಹದಕ್ಕೆ ಬಂದ ದಿನ ಕತ್ತರಿ ಹಿಡಿದು ನಿಂತಾಗ "ಇನ್ನು ನಾಲ್ಕು ದಿನ ಬಿಟ್ಟರೆ ಇನ್ನೂ ಅಗಲವಾದೀತು" ಎಂದು ಮನಸ್ಸು ಹೇಳುತ್ತದೆ. ಆ ನಾಲ್ಕು ದಿನದಲ್ಲಿ ಹೊರಗಿನ ಎಲೆ ಬಲಿತು ಹಳದಿಗೆ ತಿರುಗುತ್ತದೆ, ಒಳಗೆ ದಂಟು ಏಳುತ್ತದೆ. ಕೊಯ್ದಷ್ಟೂ ಒಳಗಿನದಕ್ಕೆ ಬೆಳಕು ಸಿಕ್ಕಿ ಹೊಸ ಎಲೆ ಬರುವ ಗಿಡ ಅದು, ಕಾದರೆ ಕೊಡುವುದು ಕಡಿಮೆ. ಇದು ತಿಳಿದಿದ್ದೂ ಕೈ ಹಿಂದೆ ಸರಿಯುವುದು ಆಸೆಯಿಂದಲ್ಲ ಕಣೋ. ತುಂಬಿದ್ದು ಖಾಲಿಯಾಗುವುದನ್ನು ನೋಡಲು ನನಗೆ ಧೈರ್ಯ ಕಡಿಮೆ. ಇಷ್ಟವಾದದ್ದನ್ನೆಲ್ಲ ಒಳ್ಳೆಯ ದಿನಕ್ಕೆಂದು ಎತ್ತಿಡುತ್ತೇನೆ. ನಿನ್ನಲ್ಲಿಗೆ ಬಂದು ಎರಡು ದಿನ ಇರುವುದನ್ನೂ ಹಾಗೇ ಎತ್ತಿಟ್ಟಿದ್ದೇನೆ, ಪೂರ್ತಿ ಬಿಡುವು ಸಿಗಲಿ, ಮನಸ್ಸು ಹಗುರಾಗಲಿ ಎಂದು. ನಮ್ಮಿಬ್ಬರ ವಯಸ್ಸೂ ನಾಲ್ಕು ದಿನ, ನಾಲ್ಕು ದಿನ ಎನ್ನುತ್ತಲೇ ಸಾಗುತ್ತಿದೆ ಅನ್ನಿಸಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ.

ಸರಿ, ಸರಿ. ಸೊಪ್ಪಿನ ಪತ್ರದಲ್ಲಿ ಇಷ್ಟು ಸಾಕು. ನಾವು ರಾಯಭಾರಿ ಎಂದು ಕರೆಯುವ ಆ ಗೆಳೆಯ ಇದನ್ನು ಓದಿದರೆ ಜೋರಾಗಿ ಓದಿ ತೋರಿಸುತ್ತಾನೆ, ಅವನ ಕೈಗೆ ಸಿಗುವ ಮುಂಚೆ ಮುಂದಕ್ಕೆ ಹೋಗೋಣ.

ಕೊಯ್ಯುವ ಹೊತ್ತು. ಬೆಳಿಗ್ಗೆ ಕೊಯ್ದ ಎಲೆ ಗರಿಗರಿಯಾಗಿ ಹೆಚ್ಚು ದಿನ ಬಾಳುತ್ತದೆ. ಹಗಲಿಡೀ ಬೆಳಕು ಕಂಡ ಮೇಲೆ ಸಂಜೆ ಕೊಯ್ದ ಎಲೆಯಲ್ಲಿ ನೈಟ್ರೇಟ್ ಕಡಿಮೆ. ಎತ್ತಿಡಲು ಬೆಳಿಗ್ಗೆ, ಆಗಲೇ ಬೇಯಿಸಲು ಸಂಜೆ ಎಂದಿಟ್ಟುಕೋ. ಎತ್ತಿಡುವುದಾದರೆ ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡು. ಸೇಬು, ಬಾಳೆಹಣ್ಣಿನ ಪಕ್ಕ ಬೇಡ. ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ. ಎಲೆಯ ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ ಇರುವುದರಿಂದ ಬೆಂದಾಗ ಒಂದು ಬುಟ್ಟಿ ಒಂದು ಬಟ್ಟಲಾಗುತ್ತದೆ. ಎಂಟು ಹತ್ತು ಗಿಡ ಹಾಕಿ ಸಾಲಲಿಲ್ಲ ಎನ್ನಬೇಡ, ಇಬ್ಬರಿಗೆ ಇಪ್ಪತ್ತೈದು ಮೂವತ್ತು ಗಿಡವಾದರೂ ಬೇಕು. ಮನೆಯಲ್ಲಿ ಯಾರಿಗಾದರೂ ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದರೆ ವೈದ್ಯರನ್ನು ಕೇಳಿ ತಿನ್ನಲಿ, ಪಾಲಕ್‌ನಲ್ಲಿ ಆಕ್ಸಲಿಕ್ ಆಮ್ಲ ಬಹಳ.

ಎಲ್ಲ ಬೀಜವನ್ನೂ ಒಂದೇ ದಿನ ಬಿತ್ತಬೇಡ. ತಂಪು ಇರುವಷ್ಟು ಕಾಲ ಹತ್ತು ಹದಿನೈದು ದಿನಕ್ಕೊಂದು ಕುಂಡ ಬಿತ್ತುತ್ತ ಹೋಗು. ಮೊದಲನೆಯದು ದಂಟಿಗೆ ಬರುವಾಗ ಎರಡನೆಯದು ಕೊಯ್ಲಿಗೆ ಸಿದ್ಧವಾಗಿರುತ್ತದೆ, ಆಗ ಕತ್ತರಿ ಹಾಕಲು ಸಂಕಟವೂ ಇರುವುದಿಲ್ಲ. ಇಂದು ರಾತ್ರಿಯೇ ಒಂದು ಹಿಡಿ ಬೀಜ ನೆನೆಹಾಕು. ಬೀಜದ ಪೊಟ್ಟಣದ ಮೇಲಿನ ವರ್ಷ, ಕುಂಡದ ಆಳ, ಅಲ್ಲಿ ಬಿಸಿಲು ಎಷ್ಟು ಹೊತ್ತು ನಿಲ್ಲುತ್ತದೆ, ಈ ಮೂರನ್ನು ಬರೆದು ಕಳಿಸು. ಮೊದಲ ಕೊಯ್ಲು ಯಾವ ವಾರ ಬೀಳುತ್ತದೆಂದು ಲೆಕ್ಕ ಹಾಕಿ ಹೇಳುತ್ತೇನೆ, ಅದೇ ವಾರಕ್ಕೆ ಟಿಕೆಟ್ಟನ್ನೂ ತೆಗೆಸುತ್ತೇನೆ.

ನಿನ್ನವನೇ